ಸೋಸೋ ಅರಿವಿ

ತಲಾಠಿ ಹಂಚಿದ ಹಾಳಿ ಮರಾಠ್ಯಾಗ ಐತಿ.
ಓದಕೋತ ಆಯಿಗೆ ಕನ್ನಡದಾಗ ಹೇಳತೇನಿ:
ಬ್ಯಾಟರಿ, ಮೇಣಬತ್ತಿ, ಮೂರು ದಿನದ ಗುಳಿಗಿ,
ಮಹತ್ವದ ಕಾಗದ.
‘ಮಹತ್ವದ್ದು ಅಂದ್ರ?’ ಅಂತಾಳ ಆಯಿ,
ಬ್ಯಾಳಿ ಆರಿಸೋ ಮರಾ ತೊಡಿ ಮ್ಯಾಲಿಂದ ಇಳಿಸದ.

ಚೀಲ ಶ್ರೀಪಾಲಂದು, ಹೋದ ವರ್ಷದ ಸಾಲಿ ಚೀಲ.
ಜಿಪ್ಪು ಅರ್ಧಕ್ಕ ನಿಲ್ಲತೈತಿ.
ತಳದಾಗ ಪೆನ್ಸಿಲ್ ಹೆರದ ಹೊಟ್ಟು, ಒಂದು ಹುಣಸಿ ಬೀಜ.
ಝಾಡಿಸಿದೆ.
ಹೊಟ್ಟು ಬಿತ್ತು, ಬೀಜ ಬೀಳಲಿಲ್ಲ.

ಸಾತಬಾರಾ ಉತಾರ, ರೇಶನ್ ಕಾರ್ಡು, ಆಧಾರ.
ಒಂದರಾಗ ಇವರು ದೇವಗೊಂಡ, ಒಂದರಾಗ ದೇವಗೌಡಾ,
ಬ್ಯಾಂಕಿನ ಪುಸ್ತಕದಾಗ ಬರೇ ಡಿ.ಬಿ.
ಮೂರೂ ಮಂದಿನ್ನ ಒಂದ ಪ್ಲಾಸ್ಟಿಕ್ ಚೀಲದಾಗ ಹಾಕಿ
ಬಾಯಿ ಮೇಣಬತ್ತಿಗೆ ಹಿಡದು ಅಂಟಿಸಿದೆ.

ಹತ್ತೊಂಬತ್ತರಾಗ ಏನೂ ಕಟ್ಟಿರಲಿಲ್ಲ.
‘ಐದರ ಪೂರ ಬಸದಿ ಪಾವಟಿಗಿಗೆ ನಿಂತಿತ್ತು’ ಅಂತ
ಮಾವ ಕಟ್ಟಿ ಮ್ಯಾಲ ಒಂದು ಇಟ್ಟಂಗಿ ಇಟ್ಟು ಕಾಯ್ದರು.
ಇಟ್ಟಂಗಿ ಕಾಣದಂಗ ಆದಾಗ ಎದ್ದರು.
ನಡಮಟ್ಟ ನೀರಾಗ ನಾ ಎದಿಗವಚಿ ಹಿಡಕೊಂಡು ಹೊಂಟದ್ದು
ಏನಂತ ಬೋಟ್ ಹತ್ತಿದ ಮ್ಯಾಲ ನೋಡಿದೆ:
ಮಿಕ್ಸರದ ಮುಚ್ಚಳ.
ಮಿಕ್ಸರಲ್ಲ. ಮುಚ್ಚಳ.
ಶಿರೋಳದ ಸಾಲ್ಯಾಗ ಹನ್ನೊಂದು ದಿನ
ಅದರಾಗ ಉಪ್ಪು ಇಟ್ಟಿದ್ವಿ.

ಈ ಸಲ ಹಂಗಲ್ಲ.
ಕಟಕ ರೊಟ್ಟಿ ಇಪ್ಪತ್ತು, ಬಳ್ಳೊಳ್ಳಿ ಹಾಕದ ಶೇಂಗಾ ಹಿಂಡಿ.
ಹೊತ್ತು ಮುಣಗಿದ ಮ್ಯಾಲ ಆಯಿ ಉಣ್ಣಂಗಿಲ್ಲ,
ಊಟದ ಟ್ರಕ್ಕು ದಿನಾ ರಾತ್ರಿ ಎಂಟಕ್ಕ ಬರತಿತ್ತು.
ಪ್ರಾಜಕ್ತಾಳ ಪ್ಯಾಡು. ಇದನ್ನ ಹಾಳ್ಯಾಗ ಯಾರೂ ಬರದಿಲ್ಲ.
ಹೊರಗಿನ ಕಿಸೆದಾಗ ಕುಡಗೋಲು, ಹಗ್ಗ ಕೊಯ್ಯಾಕ.
ಗಂಟು ಬಿಚ್ಚೋವಷ್ಟು ಹೊತ್ತು ಇರಂಗಿಲ್ಲಂತ
ಚಂದ್ರಿ ಎಮ್ಮಿ ಕಲಿಸಿ ಹೋತು.

ಆಯಿ ಎದ್ದಳು.
ಹರವಿ ಬಾಯಿಗೆ ಕಟ್ಟಿದ ಅರಿವಿ ಬಿಚ್ಚಿ, ಹಿಂಡಿ,
ಮಡಚಿ, ಕಾಗದದ ಮ್ಯಾಲ ಇಟ್ಟಳು.
‘ಆಯಿ, ಅಲ್ಲಿ ಬಾಟಲಿ ನೀರು ಕೊಡತಾರ.’
‘ಕೊಡಲಿ.’
‘ಒದ್ದಿ ಐತಿ, ಕಾಗದ ತೊಯ್ತಾವ.’
‘ಅವಕ್ಕ ಪ್ಲಾಸ್ಟಿಕ್ ಹೊಚ್ಚೀಯಲ್ಲ.’

ನೀರು ಸೋಸಿದ ಮ್ಯಾಲ ಅರಿವಿ ತಿರುವಿ
ಸೋಸಿದ ನೀರಲೇ ತೊಳದು
ಅದರಾಗ ಸಿಕ್ಕ ಜೀವ ಬಂದಲ್ಲೇ ಬಿಡಬೇಕು,
ಬಾಂವಿದು ಬಾಂವಿಗೆ, ಹೊಳಿದು ಹೊಳಿಗೆ.
ಲಗ್ನಾದ ಮರುದಿನ ಆಯಿ ನನಗ ಕಲಿಸಿದ ಮೊದಲನೇ ಕೆಲಸ.
ಹತ್ತೊಂಬತ್ತರಾಗ ಅರಿವಿ ಇರಲಿಲ್ಲ,
ಉಟ್ಟ ಸೀರಿ ಸೆರಗ ಎರಡು ಪದರ ಮಾಡಿ
ಟ್ಯಾಂಕರ್ ನೀರು ಸೋಸಿದಳು.
ಸುತ್ತ ಮೂರು ಹರದಾರಿ ಕೃಷ್ಣಿ, ಪಂಚಗಂಗಿ
ಯಾವದು ಯಾವದಂತ ಗೊತ್ತಾಗದಂಗ ನಿಂತಿದ್ವು.
ಸೆರಗ ತೊಳದ ನೀರಿನ ತಂಬಿಗಿ ಹಿಡಕೊಂಡು
ಟ್ಯಾಂಕರ್ ಹುಡುಗನ ಮುಂದ ನಿಂತಳು.
‘ಇದು ಯಾವ ಬಾಂವಿದಪಾ?’
ಆಕಿದು ಕನ್ನಡ, ಆಂವಂದು ಮರಾಠಿ,
ಕೈ ಮಾಡಿ ತೋರಿಸಿದ: ಜಯಸಿಂಗಪುರದ ಕಡೆ.
‘ಹಂಗಾರ ಇದನ್ನ ಅಲ್ಲೇ ಬಿಡು.’

ಆಂವ ನಗಲಿಲ್ಲ.
ಗೇರಿನ ಬಾಜೂಕ, ಚೆಲ್ಲದಂಗ,
ಬಾಯಿಗೆ ತನ್ನ ಟವೆಲ್ ತುರಕಿ ಇಟಗೊಂಡ.
ತಿರುವಿನಾಚೆ ಏನು ಮಾಡಿದನೋ.
ತಂಬಿಗಿ ಮರುದಿನ ತೊಳದು ಬಂತು.

ಹೊರಗ ಭೋಂಗಾ ಒದರಾಕ ಹತ್ತೇತಿ:
ಕೋಯ್ನಾ ಬಾಗಲಾ ತಗದಾರು,
ರಾತ್ರಿಗೆ ಎರಡು ಫೂಟು.
ಜಿಪ್ಪು ಜಗ್ಗತೇನಿ, ಅರ್ಧಕ್ಕ ನಿಂತತಿ.

‘ತಡಿ’ ಅಂತಾಳ ಆಯಿ, ಚೀಲದಾಗ ಕೈ ಹಾಕಿ.
‘ಸಂಜಿ ನೀರು ಇನ್ನೂ ಸೋಸಿಲ್ಲ.’